ಕಲ್ಲುಗೋಡೆಯ ಮೇಲಿನ ಸೋಸನ್

ನನ್ನ ತವರು ಯಲಬುರ್ಗಾ. ಅಲ್ಲಿಯ ಕೆಂಪು ಮಸಾರಿ ನೆಲದಲ್ಲಿ ಮಳೆ ಬಿದ್ದ ಸ್ವಲ್ಪ ಹೊತ್ತಿಗೇ ನೀರು ಇಂಗಿಹೋಗುತ್ತಿತ್ತು. ಮದುವೆಯಾಗಿ ಗಂಗಾವತಿಗೆ ಬಂದಮೇಲೆ ಬೇರೆಯೇ ಮಣ್ಣು ಕಂಡೆ. ಹಿತ್ತಲಿನ ಆಚೆ ಕಾಲುವೆ, ಅದರಾಚೆ ಭತ್ತದ ಗದ್ದೆ. ಮಳೆಗಾಲ ಹಿಡಿಯಿತೆಂದರೆ ನಮ್ಮ ಹೆಜ್ಜೆಯ ಗುರುತಿನಲ್ಲೂ ನೀರು ನಿಲ್ಲುತ್ತಿತ್ತು. ನಿಜಾಮರ ಕಾಲ, ಇಸವಿ ಮೂವತ್ತೆಂಟೋ ಮೂವತ್ತೊಂಬತ್ತೋ ಇರಬೇಕು.

ಪಕ್ಕದ ಮನೆಯವರು ಅತ್ತರಿನ ವ್ಯಾಪಾರಿಗಳು. ಆ ಮನೆಯಾಕೆಯನ್ನು ನಾನು ಚಾಚಿ ಎನ್ನುತ್ತಿದ್ದೆ. ಅವರ ಮಾಳಿಗೆಯ ಮೇಲೆ ಒಡಕು ಗಡಿಗೆಗಳಲ್ಲಿ ಕತ್ತಿಯಂಥ ಎಲೆಯ ಗಿಡಗಳಿದ್ದವು. ಚಳಿಗಾಲದಲ್ಲಿ ಬಿಳಿ ಹೂ ಬಿಡುತ್ತಿದ್ದವು. ಮೂರು ಎಸಳು ಮೇಲಕ್ಕೆ, ಮೂರು ಕೆಳಕ್ಕೆ. ಅವರು ಅದನ್ನು ಸೋಸನ್ ಎನ್ನುತ್ತಿದ್ದರು. ತಾಯಿಯ ಗೋರಿಯ ಮೇಲಿಂದ ತಂದದ್ದಂತೆ.

ಅವರ ವ್ಯಾಪಾರ ರಾಯಚೂರಿಗೆ ಹೋಯಿತು. ಅಲ್ಲಿ ಬಾಡಿಗೆಗೆ ಹಿಡಿದ ಮನೆಗೆ ಮಾಳಿಗೆಯೂ ಇರಲಿಲ್ಲ, ಅಂಗಳವೂ ಇರಲಿಲ್ಲ. ಹೊರಡುವ ಮುಂಜಾನೆ ಚಾಚಿ ಒಂದು ಬುಟ್ಟಿ ಸೋಸನ್ ಗೆಡ್ಡೆ ತಂದು ನನ್ನ ಮುಂದಿಟ್ಟರು.

“ಪೂರಾ ಹುಗೀಬ್ಯಾಡ ಬೇಟಿ. ಗೆಡ್ಡಿ ಬೆನ್ನು ಬಿಸಲಿಗಿ ಕಾಣ್ತಿರಬೇಕು. ನೀರು ಭಾಳ ಆದ್ರ ಕೊಳೀತಾವ.”

“ಹೂಂ ರೀ ಚಾಚಿ,” ಎಂದೆ.

ನಮ್ಮ ಅತ್ತೆ ಒಪ್ಪಲಿಲ್ಲ. ಅರಿಷಿಣ, ಶುಂಠಿ ಬೆಳೆದ ಕೈ ಅವರದು. “ಗೆಡ್ಡಿ ಅಂದ ಮ್ಯಾಲ ಮಣ್ಣಾಗ ಇರಬೇಕವ್ವಾ. ಹೊರಗಿದ್ರ ಒಣಗಿ ಹೋಗ್ತಾವ,” ಎಂದು ಬಚ್ಚಲ ಮಗ್ಗುಲಲ್ಲಿ ತಗ್ಗು ತೋಡಿಸಿ ಪೂರಾ ಹುಗಿಸಿದರು. ಹೊಸ ಸೊಸೆ ನಾನು, ಎದುರಾಡಲಿಲ್ಲ. ಗೋರಿಯ ಗಿಡ ಎಂಬುದು ಅವರ ಮನಸ್ಸಿಗೆ ಹಿಡಿಸಿರಲಿಲ್ಲ. ಆದರೂ ಪಾತ್ರೆ ತೊಳೆದ ನೀರನ್ನು ದಿನವೂ ತಪ್ಪದೆ ಅದಕ್ಕೇ ಚೆಲ್ಲುತ್ತಿದ್ದರು.

ಶ್ರಾವಣದ ಹೊತ್ತಿಗೆ ಎಲೆಗಳು ಬುಡದಿಂದ ಹಳದಿಯಾದವು. ಒಂದನ್ನು ಹಿಡಿದೆ; ಎಳೆಯುವ ಮೊದಲೇ ಕೈಗೆ ಬಂತು. ಅಗೆದು ನೋಡಿದರೆ ಗೆಡ್ಡೆ ಕಳಿತ ಬಾಳೆಹಣ್ಣಿನಂತೆ ಮೆತ್ತಗಾಗಿ ನಾರುತ್ತಿತ್ತು.

“ತಿಪ್ಪಿಗಿ ಹಾಕಿ ಕೈ ತೊಳಕೋ,” ಎಂದರು ಅತ್ತೆ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ. ಹೆಚ್ಚಿನವನ್ನು ತಿಪ್ಪೆಗೇ ಹಾಕಿದೆ. ಗಟ್ಟಿ ಉಳಿದವನ್ನು ಆರಿಸಿ, ಬೆಳ್ಳಗಿನ ತಿರುಳು ಕಾಣುವವರೆಗೆ ಕೊಳೆತದ್ದನ್ನು ಕೆತ್ತಿ ತೆಗೆದು, ಒಲೆಯ ಬೂದಿ ಹಚ್ಚಿ, ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ಕೊಯ್ದ ಜಾಗ ಒಣಗಿ ಹಕ್ಕಳೆ ಕಟ್ಟಿತು. ಇನ್ನು ನೆಡುವುದೆಲ್ಲಿ? ಹಿತ್ತಲಲ್ಲಿ ಒಣಗಿದ ಜಾಗವೆಂದರೆ ಹಳೆಯ ಕಲ್ಲುಗೋಡೆಯ ನೆತ್ತಿ ಮಾತ್ರ. ಮೊಳ ಅಗಲವಿತ್ತು, ದಿನವಿಡೀ ಬಿಸಿಲು. ಗರಸಿನ ಹರಳು, ಬಿದ್ದ ಗೋಡೆಯ ಮಣ್ಣು ಬೆರೆಸಿ ಅಲ್ಲಿಗೆ ಏರಿಸಿದೆ. ಗೆಡ್ಡೆಯ ಬೆನ್ನು ಹೊರಗಿಟ್ಟು ಬೇರನ್ನಷ್ಟೇ ಮುಚ್ಚಿದೆ.

“ಗ್ವಾಡಿ ಮ್ಯಾಲ ಯಾರರ ಗಿಡ ಹಚ್ತಾರೇನು?” ಎಂದರು ಅತ್ತೆ.

“ಇರಲಿ ಬಿಡ್ರಿ ಅತ್ತಿ. ಹೋದ್ರ ಹೋಗ್ತಾವ.”

ಹೋಗಲಿಲ್ಲ. ಮರುವರ್ಷ ಬರೀ ಎಲೆ. ಅದರ ಮುಂದಿನ ಚಳಿಗಾಲ ಹೂವಾದವು. ಹುಲಿಗಿಯ ಅಮ್ಮನ ಗುಡಿಗೆ ನಡೆದು ಹೊರಟವರು ನಿಂತು, ಒಂದು ಹೂವು ಕೊಡ್ರಿ ಎಂದು ಕೇಳುತ್ತಿದ್ದರು. ಅತ್ತೆ ಅವನ್ನು ದೇವರಿಗೂ ಏರಿಸಲಿಲ್ಲ, ಕೀಳಲು ಯಾರಿಗೂ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಚಾಚಿ ಒಂದು ಲಗ್ನಕ್ಕೆಂದು ಊರಿಗೆ ಬಂದರು. ನಮ್ಮ ಹಿತ್ತಲಿಗೆ ಬಂದು, ಗೋಡೆಯ ಕೆಳಗೆ ನಿಂತು ಮೇಲೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

“ನಾ ಬಚ್ಚಲ ಕಡೆ ಹಚ್ಚಿಸಿ ಕೊಳಿಸಿಬಿಟ್ಟಿದ್ನಿರಿ ಬೀಬಿ. ಉಳಿಸಿದಾಕಿ ಈಕಿ.”

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮಾತನ್ನು ಅವರು ನನ್ನೆದುರು ಎಂದೂ ಆಡಿರಲಿಲ್ಲ. 

ಚಾಚಿ ನಕ್ಕರು. “ಅದರ ಗುಣಾನ ಹಂಗ ಐತ್ರಿ ಅಮ್ಮಾ. ನನ್ನ ಕೈಯಾಗೂ ಭಾಳ ಹೋಗ್ಯಾವ.”

ರಾಯಚೂರಿನಲ್ಲಿ ಈಗ ಸ್ವಂತ ಮನೆಯಾಗಿದೆ, ಮುಂದೆ ಸಣ್ಣ ಅಂಗಳವಿದೆ ಎಂದರು. ಹೂ ಮುಗಿದ ಮೇಲೆ ಗೆಡ್ಡೆ ಒಡೆದು ಕಳಿಸುವುದೆಂದು ಮಾತಾಯಿತು. ಬೇಸಿಗೆಯಲ್ಲಿ ನಮ್ಮವರು ಕೆಲಸದ ಮೇಲೆ ಆ ಕಡೆ ಹೊರಟಾಗ ಒಣ ಗೋಣಿಚೀಲದಲ್ಲಿ ಕಟ್ಟಿಕೊಟ್ಟೆ. ಅವರೆದುರಿಗೇ ಚಾಚಿ ಗರಸು ಗುಡ್ಡೆ ಹಾಕಿಸಿ ನೆಟ್ಟರಂತೆ.

ಆಮೇಲೆ ಪ್ರತಿ ಬೇಸಿಗೆ ಗೋಡೆಯ ಗೆಡ್ಡೆಗಳನ್ನು ಕಿತ್ತು, ಒಡೆದು, ಕೆಟ್ಟದ್ದು ತೆಗೆದು ಮತ್ತೆ ನೆಡುವುದು ಅತ್ತೆ ಮತ್ತು ನಾನು ಕೂಡಿ ಮಾಡುವ ಕೆಲಸವಾಯಿತು. ಅವರು ಕೆಳಗೆ ನಿಂತು ಬೂದಿಯ ಮೊರ ಹಿಡಿಯುತ್ತಿದ್ದರು.