ಇಪ್ಪತ್ತೆರಡನೆಯ ವಾರದ ಹೆಬ್ಬೆಟ್ಟು

ಓದು ಬರಹ ಬಾರದ ಹೆಂಗಸೊಬ್ಬರಿಂದ, ಅವರ ಮೇಲಿನ ಸುಳ್ಳು ದೂರಿಗೇ ನಾನು ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವರು ನನಗೆ ಕೆಲಸ ಕಲಿಸಿದವರು. ಹೆಸರು ರತ್ನಮ್ಮ. ಈ ಸಂಗತಿಯನ್ನು ಹೆಂಡತಿಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ, ದೇವರ ಮುಂದೆ ನಿಂತಾಗಲೂ ಬೇರೇನನ್ನೋ ಮಾತಾಡಿ ಬಂದಿದ್ದೇನೆ. ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ. ಆಗುತ್ತದೆಯೋ ಇಲ್ಲವೋ — ನನ್ನಂಥವನಿಗೆ ಆಗಬೇಕೋ ಬೇಡವೋ...

ಅರವತ್ತರ ದಶಕದ ಮೊದಲ ವರ್ಷಗಳು. ಮದರಾಸಿನ ಕೋಡಂಬಾಕ್ಕಂ ರೈಲ್ವೆ ಗೇಟಿನ ಹತ್ತಿರ ಹಣ್ಣಿನ ಜಾಮ್, ಷರಬತ್ತು, ಉಪ್ಪಿನಕಾಯಿ ಮಾಡುವ ಒಂದು ಕಾರ್ಖಾನೆಯಿತ್ತು. ಅಲ್ಲಿ ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದೆ. ನಾನು ಆ ಕಾರ್ಖಾನೆಯ ಮೊಟ್ಟಮೊದಲ ಅಪ್ರೆಂಟಿಸ್. ನನ್ನಪ್ಪ ಮೈಲಾಪುರದ ಒಂದು ಉಡುಪಿ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದವರು; ಸಕ್ಕರೆ ಪಾಕವನ್ನು ಎರಡು ಬೆರಳ ನಡುವೆ ಎಳೆದು, ಒಂದೆಳೆಯೋ ಎರಡೆಳೆಯೋ ಎಂದು ಕಣ್ಣು ಮುಚ್ಚಿ ಹೇಳುವವರು. ನಾನೋ ಇಂಟರ್‌ಮೀಡಿಯೆಟ್ ಪಾಸಾದವನು. ಅಪ್ಪನ ಸುಟ್ಟ ಬೆರಳುಗಳನ್ನು ಕಂಡರೆ ನನಗೆ ನಾಚಿಕೆ. ಸೇರುವ ದಿನ ಅಪ್ಪ, "ಎಂತ ಮಾರಾಯ, ಕಡೆಗೆ ನೀನೂ ಒಲೆ ಮುಂದೆಯೇ ನಿಂತೆಯಲ್ಲ!" ಎಂದು ನಕ್ಕರು. "ಅದು ಒಲೆಯಲ್ಲ, ಆವಿಯ ಪ್ಯಾನು. ನಾನು ಉಪಕರಣದಲ್ಲಿ ಅಳೆಯುತ್ತೇನೆ," ಎಂದು ಸಿಡುಕಿದೆ. ಅಷ್ಟು ಜಂಬ.

ನನ್ನನ್ನು ಒಪ್ಪಿಸಿದ್ದು ರತ್ನಮ್ಮನ ಕೈಗೆ. ಕೋಲಾರದ ಕಡೆಯ ಮನೆತನ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದವರು. ಮಾವಿನಕಾಯಿ ಸಿಪ್ಪೆ ತೆಗೆಯಲು ಬಂದು, ನೋಡಿ ನೋಡಿಯೇ ಜಾಮ್ ಕುದಿಸುವುದನ್ನು ಕಲಿತು, ಹನ್ನೊಂದು ವರ್ಷದಿಂದ ಆ ದೊಡ್ಡ ಪ್ಯಾನಿನ ಮುಂದೆ ನಿಂತಿದ್ದರು. ಆದರೂ ದಿನಗೂಲಿಯೇ. ನಮ್ಮ ಕೆಮಿಸ್ಟ್ ಅಯ್ಯಂಗಾರರು ಅವರಿಗೆ ಮಾತು ಕೊಟ್ಟಿದ್ದರು: ಈ ಅಪ್ರೆಂಟಿಸ್ ಚೆನ್ನಾಗಿ ಕಲಿತು ಪಾಸಾದರೆ, ಕಲಿಸಿದ ರತ್ನಮ್ಮನ ಕೆಲಸ ಖಾಯಂ, ಮುಂದೆ ಬರುವ ಅಪ್ರೆಂಟಿಸ್‌ಗಳಿಗೆಲ್ಲ ಅವರೇ ಮೇಸ್ತ್ರಿ. ಹಾಗಾಗಿ ನಾನು ಕಲಿಯುವುದು ನನಗಿಂತ ಅವರಿಗೇ ಹೆಚ್ಚು ಬೇಕಾಗಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಸೌಕರ್ಯವೂ ನನಗಿಲ್ಲ.

ಹೇಗೆ ಕಲಿಸಿದರು! ಸೌಟನ್ನು ಅದ್ದಿ ಎತ್ತಿ, ಓರೆ ಮಾಡಿ ಹಿಡಿಯುತ್ತಿದ್ದರು. ಮೊದಮೊದಲು ಹನಿ ಒಂದೊಂದಾಗಿ ಬೀಳುತ್ತದೆ. ಆಮೇಲೆ ಎರಡು ಹನಿಗಳು ಸೌಟಿನ ಅಂಚಿನಲ್ಲಿ ಓಡಿಬಂದು ಕೂಡಿಕೊಳ್ಳುತ್ತವೆ. ಕೊನೆಗೆ ಕೂಡಿದ್ದು ಹಾಳೆಯ ಹಾಗೆ ಅಗಲವಾಗಿ ಜಾರಿ, ತುಂಡಾಗಿ ಬೀಳುತ್ತದೆ. "ಅದೇ ನೋಡಪ್ಪಾ ಹದ. ಅದಕ್ಕೆ ಮುಂಚೆ ಇಳಿಸಿದ್ರೆ ಬೂಷ್ಟು ಬರ್ತದೆ, ಆಮೇಲೆ ಇಳಿಸಿದ್ರೆ ಕಲ್ಲಾಗ್ತದೆ. ಅವಸರ ಬೇಡ, ಕೊಂಜ ಇರು," ಎನ್ನುವರು. ಸ್ವಲ್ಪ ಎನ್ನುವ ತಮಿಳಿನ ಆ 'ಕೊಂಜ' ಅವರ ಬಾಯಲ್ಲಿ ಕನ್ನಡವೇ ಆಗಿಹೋಗಿತ್ತು.

ಅದೇ ವರ್ಷ ಕಾರ್ಖಾನೆಗೆ ಸಕ್ಕರೆಯಂಶ ಅಳೆಯುವ ಉಪಕರಣ ಬಂತು. ಗೇಣುದ್ದದ ಕೊಳವೆ; ಒಂದು ತುದಿಯಲ್ಲಿ ಪುಟ್ಟ ಗಾಜು. ಆ ಗಾಜಿನ ಮೇಲೆ ಒಂದು ಹನಿ ಜಾಮ್ ಸವರಿ, ಬೆಳಕಿಗೆ ಹಿಡಿದು ನೋಡಿದರೆ ಅಂಕಿ ಕಾಣುತ್ತದೆ. ಅರವತ್ತೆಂಟು ಬಂದರೆ ಪ್ಯಾನು ಇಳಿಸಬೇಕು. ಅಂಕಿ ಓದುವುದು ನನ್ನ ಕೆಲಸ, ಓದಿದ ಮೇಲೆ ನನ್ನ ಮಾತೇ ಕೊನೆ — ಅಯ್ಯಂಗಾರರ ಹೊಸ ನಿಯಮ. ಒಂದೇ ಎಚ್ಚರಿಕೆ: ಪ್ರತಿ ಸಲವೂ ಗಾಜನ್ನು ನೀರಿನಲ್ಲಿ ತೊಳೆದು ಒರೆಸಬೇಕು. ಹಿಂದಿನ ಹನಿ ಒಣಗಿ ಅಂಟಿಕೊಂಡಿದ್ದರೆ ಅಂಕಿ ಮೇಲಕ್ಕೆ ತೋರಿಸುತ್ತದೆ. ರತ್ನಮ್ಮ ಅದನ್ನು ಕಣ್ಣಾಡಿ ಎನ್ನುತ್ತಿದ್ದರು, ಮುಟ್ಟುತ್ತಿರಲಿಲ್ಲ. "ನಿನ್ನ ಕಣ್ಣಾಡಿ ಏನು ಸೊಲ್ತದಪ್ಪಾ?" ಎಂದು ನಗೆಯಾಡುವರು. ಅವರ ಸೌಟು ಹೇಳಿದ್ದನ್ನೇ ನನ್ನ ಕಣ್ಣಾಡಿಯೂ ಹೇಳುತ್ತಿತ್ತು. ಇಪ್ಪತ್ತೊಂದು ವಾರ ಹಾಗೇ ನಡೆಯಿತು.

ಮಾವಿನ ಸುಗ್ಗಿ. ಕೊತ್ತವಾಲ್ ಚಾವಡಿ ಮಾರುಕಟ್ಟೆಯಿಂದ ಗಾಡಿಗಟ್ಟಲೆ ಹಣ್ಣು ಬಂದು ಅಂಗಳದಲ್ಲಿ ಬಿದ್ದಿತ್ತು. ಒಂದು ಗುರುವಾರ ಮಧ್ಯಾಹ್ನ, ಮೊದಲ ಪ್ಯಾನಿನ ಹನಿ ನೋಡಿ ಮುಗಿಸಿದ್ದೆ. ಅಷ್ಟರಲ್ಲಿ ಹೊರಗೆ ಕೂಗು — ತಾಂಬರಂ ರೈಲಿಗೆ ಗೇಟು ಹಾಕಿದ್ದಾರೆ, ಸ್ಟುಡಿಯೋಗೆ ಹೊರಟ ಒಬ್ಬ ದೊಡ್ಡ ನಟನ ಕಾರು ಅಲ್ಲೇ ಸಿಕ್ಕಿಹಾಕಿಕೊಂಡಿದೆ ಎಂದು. ಕೋಡಂಬಾಕ್ಕಂ ಗೇಟಿನ ಬಳಿ ಕೆಲಸ ಮಾಡುವವರಿಗೆಲ್ಲ ಇದ್ದ ಚಟ ಅದು; ಗೇಟು ಬಿತ್ತೆಂದರೆ ಕಾರುಗಳ ಕಿಟಕಿ ಇಣುಕಲು ಓಡುವುದು. ನಾನೂ ಓಡಿದೆ. ಉಪಕರಣವನ್ನು ಹಾಗೇ ಮೇಜಿನ ಮೇಲಿಟ್ಟು ಓಡಿದೆ. ಕಂಡದ್ದೇನು? ಕಪ್ಪು ಕನ್ನಡಕ, ಒಂದು ಮೊಣಕೈ. ಅಷ್ಟೇ.

ಮರಳಿ ಬಂದಾಗ ಎರಡನೆಯ ಪ್ಯಾನು ಕುದಿಯುತ್ತಿತ್ತು. ಒಂದು ಹನಿ ಸವರಿ ನೋಡಿದೆ. ಅರವತ್ತೆಂಟು.

"ಇಳಿಸಿ," ಎಂದೆ.

ರತ್ನಮ್ಮ ಸೌಟು ಎತ್ತಿ ನೋಡಿದರು. ಹನಿಗಳು ಇನ್ನೂ ಬೇರೆ ಬೇರೆಯೇ ಬೀಳುತ್ತಿದ್ದವು. "ಇಲ್ಲಪ್ಪಾ, ಇನ್ನೂ ಸೇರ್ತಾ ಇಲ್ಲ. ಕೊಂಜ ಇರು."

ನನ್ನ ಕಣ್ಣಿಗೂ ಕಂಡಿತ್ತು. ಅಪ್ಪನ ಅಡುಗೆಮನೆಯಲ್ಲಿ ಬೆಳೆದವನಿಗೆ ಕಾಣದೆ ಇರುತ್ತದೆಯೇ? ಆದರೂ ಅಂಕಿ ಹೇಳಿದೆಯಲ್ಲ, ನಾನು ಓದಿದವನು ತಾನೇ... "ರೀಡಿಂಗ್ ಬಂದಿದೆ, ಇಳಿಸಿ ಅಂದೆನಲ್ಲ," ಎಂದು ಕನ್ನಡ ತಿಳಿಯದ ಕೆಲಸದವರೆಲ್ಲರ ಎದುರು ದನಿ ಏರಿಸಿದೆ. ಅವರು ಇಳಿಸಿದರು.

ಸಂಜೆ ಉಪಕರಣ ತೊಳೆಯುವಾಗ ಬೆರಳಿಗೆ ಅಂಟಂಟು ಸಿಕ್ಕಿತು. ಮೊದಲ ಪ್ಯಾನಿನ ಹನಿ ಗಾಜಿನ ಮೇಲೆ ಒಣಗಿ ಪೊರೆ ಕಟ್ಟಿತ್ತು. ಪ್ಯಾನಿನ ತಳದಲ್ಲಿ ಉಳಿದಿದ್ದನ್ನು ತೆಗೆದು, ಗಾಜು ತೊಳೆದು, ಮತ್ತೆ ನೋಡಿದೆ. ಅರವತ್ತೆರಡು.

ಬಾಟಲಿಗಳು ಇನ್ನೂ ಬಿಸಿಯಾಗಿದ್ದವು. ಆಗಲೇ ಹೇಳಿದ್ದರೆ ಸುರಿದು ಮತ್ತೆ ಕುದಿಸಬಹುದಿತ್ತು. ನನಗೊಂದು ಬೈಗುಳ, ಅಷ್ಟರಲ್ಲಿ ಮುಗಿಯುತ್ತಿತ್ತು. ಅಯ್ಯಂಗಾರರ ಕೋಣೆಯ ಬಾಗಿಲವರೆಗೂ ಹೋದೆ. ಒಳಗಿನಿಂದ ಅವರ ಕೆಮ್ಮು ಕೇಳಿಸಿತು. ತಿರುಗಿ ಬಂದೆ.

ಅಪ್ರೆಂಟಿಸ್‌ಗೆ ಒಂದು ದಿನಚರಿ ಪುಸ್ತಕವಿರುತ್ತಿತ್ತು. ಪ್ರತಿ ಶನಿವಾರ ಆ ವಾರ ಕಲಿತದ್ದನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಕಲಿಸಿದವರು ಕೆಳಗೆ ಸಹಿ ಹಾಕಬೇಕು. ರತ್ನಮ್ಮನ ಸಹಿ ಹೆಬ್ಬೆಟ್ಟು. ಆ ಶನಿವಾರ ಎಂದಿನಂತೆ ಬರೆದೆ: ಹಣ್ಣು ಸೋಸುವುದು, ನಿಂಬೆಹುಳಿ ಬೆರೆಸುವುದು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ — ಗುರುವಾರದ ಎರಡನೆಯ ಪ್ಯಾನನ್ನು ರತ್ನಮ್ಮ ಅಳತೆಗೆ ಕಾಯದೆ, ನನ್ನ ಮಾತು ಕೇಳದೆ ಇಳಿಸಿದರು ಎಂದು. ಅಕ್ಷರ ಎಷ್ಟು ದುಂಡಗಿದೆ ಎಂದು ಇವತ್ತು ನೋಡಿದರೆ ಹೇಸಿಗೆಯಾಗುತ್ತದೆ.

ರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು. "ಏನೆಲ್ಲ ಬರ್ದಿದೀಯಪ್ಪಾ, ಇವತ್ತು ಉದ್ದ ಇದೆಯಲ್ಲ?"

"ಈ ವಾರ ಕಲಿತದ್ದು."

"ಚೆನ್ನಾಗಿ ಬರಿ. ನೀನು ಪಾಸಾದ್ರೆ ನಾನೂ ಪಾಸು," ಎಂದು ನಗುತ್ತಾ ಮಸಿಯಲ್ಲಿ ಹೆಬ್ಬೆರಳು ಅದ್ದಿ, ಒತ್ತಿದರು. ಸರಿಯಾಗಿ ಮೂಡಲಿ ಎಂದು ಕೊಂಚ ಹೊತ್ತು ಒತ್ತಿಯೇ ಹಿಡಿದರು.

ಮೂರು ವಾರ ಕಳೆಯಿತು. ಅಂಗಡಿಗಳಿಂದ ಬಾಟಲಿಗಳು ವಾಪಸು ಬಂದವು, ಮುಚ್ಚಳದಡಿ ಬಿಳಿ ಬೂಷ್ಟು. ಅಯ್ಯಂಗಾರರು ಎಲ್ಲರನ್ನೂ ಕರೆದು, ಯಾರ ತಪ್ಪು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಕಳ್ಳನಿಗಿಂತ ಬುದ್ಧಿವಂತ, ಹೆಗಲು ಮುಟ್ಟಲಿಲ್ಲ. ದಿನಚರಿ ತೆಗೆದುಕೊಟ್ಟೆ.

"ನಾನು ಬೇಡ ಅಂದೆ ಸಾರ್, ಆ ಪಿಳ್ಳೆನೇ ಇಳಿಸು ಅಂತು," ಎಂದು ರತ್ನಮ್ಮ ತಮಿಳಿನಲ್ಲಿ ಹೇಳಿದರು. ಅಯ್ಯಂಗಾರರು ಆ ಸಾಲನ್ನು ಗಟ್ಟಿಯಾಗಿ ಓದಿ, ತಮಿಳಿನಲ್ಲಿ ಅದರ ಅರ್ಥ ಹೇಳಿ, ಪುಸ್ತಕವನ್ನು ಅವರತ್ತ ತಿರುಗಿಸಿದರು. "ಇದು ಉನ್ ರೇಗೈ ತಾನೇ?" ಬೆರಳಿನ ಗುರುತು ನಿನ್ನದೇ ತಾನೇ ಎಂದು.

ರತ್ನಮ್ಮ ಹೆಬ್ಬೆಟ್ಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅಲ್ಲಿ ಹಂಗಾ ಬರ್ದಿರೋದು?" ಎಂದು ಕನ್ನಡದಲ್ಲಿ ಕೇಳಿದರು. ಆ ಕೋಣೆಯಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಆಗಲಾದರೂ...

"ಹೌದು," ಎಂದೆ.

ಮರುದಿನದಿಂದ ಅವರನ್ನು ಹಿಂದಿನ ಷೆಡ್ಡಿಗೆ, ಚರ್ಮ ಸುಡುವ ಕಾಸ್ಟಿಕ್ ಸೋಡಾ ನೀರಿನಲ್ಲಿ ಬಾಟಲಿ ತೊಳೆಯಲು ಹಾಕಿದರು. ಉಳಿದ ವಾರಗಳಿಗೆ ಅಯ್ಯಂಗಾರರೇ ಸಹಿ ಹಾಕಿದರು. ವರ್ಷ ತುಂಬಿತು, ನಾನು ಪಾಸಾದೆ. ಆ ಪ್ಯಾನಿಗೆ ನಾನೇ ಮೇಸ್ತ್ರಿಯಾದೆ. ಕಲಿಯಲು ಬಂದವರಿಗೆಲ್ಲ ಸೌಟಿನ ಹನಿ ಕೂಡುವುದನ್ನು ತೋರಿಸಿದೆ. ಯಾರು ಕಲಿಸಿದ್ದು ಸಾರ್ ಎಂದು ಒಬ್ಬ ಕೇಳಿದ್ದಕ್ಕೆ, ಅನುಭವ ಕಣಯ್ಯಾ ಎಂದೆ. ನಾಲಿಗೆಗೆ ಎಲುಬಿಲ್ಲ ನೋಡಿ.

ಐದಾರು ವರ್ಷ ಕಳೆದಿರಬೇಕು. ಗೇಟು ಹೋಗಿ ಅಲ್ಲಿ ಮೇಲ್ಸೇತುವೆ ಬಂದಿತ್ತು. ಒಂದು ದಿನ ಇಬ್ಬರು ಹೊಸ ಅಪ್ರೆಂಟಿಸ್‌ಗಳನ್ನು ಹಿಂದಿಟ್ಟುಕೊಂಡು, ಬಿಳಿ ಕೋಟಿನ ಜೇಬಿನಲ್ಲಿ ಉಪಕರಣ ಸಿಕ್ಕಿಸಿಕೊಂಡು ಷೆಡ್ಡಿನ ಮುಂದೆ ಹೋಗುತ್ತಿದ್ದೆ. ರತ್ನಮ್ಮ ತಲೆಯೆತ್ತಿದರು. ಸೋಡಾ ನೀರು ತಿಂದು ಬೆರಳ ತುದಿಗಳು ಬಿಳಿಚಿ ನುಣ್ಣಗಾಗಿದ್ದವು. ಆ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದರೆ ಈಗ ಗೆರೆ ಮೂಡುವಂತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ್ದು ಅದೊಂದೇ ಮಾತು.

"ಕಣ್ಣಾಡಿ ತೊಳ್ದಿದೀಯಾ ಸಾರ್?"

ಅವರಿಗೆ ಗೊತ್ತಿತ್ತು. ನಾನು ಓಡಿದ್ದನ್ನು, ಬಂದು ತೊಳೆಯದೆ ಹನಿ ಸವರಿದ್ದನ್ನು ಆವತ್ತೇ ನೋಡಿದ್ದರು. ಅಯ್ಯಂಗಾರರ ಮುಂದೆ ಅದನ್ನು ಏಕೆ ಹೇಳಲಿಲ್ಲವೋ — ನನ್ನನ್ನು ಉಳಿಸಲಿಕ್ಕೋ, ಹೇಳಿದರೂ ನಂಬುವವರಿಲ್ಲ ಎಂದೋ — ನಾನು ಕೇಳಲಿಲ್ಲ. ನನ್ನ ಬೆನ್ನ ಹಿಂದೆ ಹುಡುಗರು ನಿಂತಿದ್ದರು. "ತೊಳೆದಿದ್ದೇನೆ," ಎಂದು ಮುಂದೆ ಹೋದೆ.

ಈಗ ರತ್ನಮ್ಮ ಇಲ್ಲ. ಕೊನೆಯವರೆಗೂ ದಿನಗೂಲಿಯಲ್ಲೇ ಇದ್ದರು ಎಂದು ಹಳೆಯ ಕೆಲಸಗಾರರೊಬ್ಬರಿಂದ ತಿಳಿಯಿತು. ಮಗಳು ಶಾಂತಾ ತಾಂಬರಂನಲ್ಲಿದ್ದಾರಂತೆ, ವಿಳಾಸ ಬರೆದುಕೊಂಡಿದ್ದೇನೆ. ತಾಯಿ ಜಾಮ್ ಕೆಡಿಸಿ ಪ್ಯಾನು ಕಳೆದುಕೊಂಡರು ಎಂದೇ ಅವರು ನಂಬಿಕೊಂಡಿರಬಹುದು.

ದಿನಚರಿ ನನ್ನ ಮುಂದೆಯೇ ಇದೆ. ಇಪ್ಪತ್ತೆರಡನೆಯ ವಾರದ ಹೆಬ್ಬೆಟ್ಟಿನಲ್ಲಿ ಒಂದೊಂದು ಗೆರೆಯೂ ಸ್ಪಷ್ಟವಾಗಿದೆ. ಈ ಭಾನುವಾರ ತಾಂಬರಂ ರೈಲು ಹತ್ತುತ್ತೇನೆ. ಆ ಪುಟವನ್ನು ಶಾಂತಾ ಅವರಿಗೆ ಓದಿ, ಕೊನೆಯ ಸಾಲು ನನ್ನ ಸುಳ್ಳು ಎಂದು ಹೇಳುತ್ತೇನೆ. ಕನ್ನಡದಲ್ಲಿ ತಿಳಿಯದಿದ್ದರೆ ತಮಿಳಿನಲ್ಲಿ. ಪುಸ್ತಕವನ್ನು ಅವರ ಕೈಯಲ್ಲೇ ಬಿಟ್ಟು ಬರುತ್ತೇನೆ. ಬಾಗಿಲು ಮುಚ್ಚಿಕೊಂಡರೆ ಹೊರಗೆ ನಿಂತೇ ಓದುತ್ತೇನೆ, ಅಕ್ಕಪಕ್ಕದ ಮನೆಗಳಿಗೂ ಕೇಳಿಸುವಷ್ಟು ಗಟ್ಟಿಯಾಗಿ — ಆವತ್ತು ರತ್ನಮ್ಮನಿಗೆ ಓದಿ ಹೇಳದೆ ಬಿಟ್ಟ ಆ ಒಂದು ಸಾಲನ್ನು.