ಕೋಟ್ರೇಶಣ್ಣನಿಗೆ ಬಲೂನು

ಅಲ್ಲ ಗೆಳೆಯರೇ, ಮೂವತ್ತೆರಡು ವರ್ಷದ, ಮೀಸೆ ಬಿಟ್ಟ ಮನುಷ್ಯನಿಗೆ ಯಾರಾದರೂ ಬಲೂನು ಕೊಡ್ತಾರಾ?

ನಮ್ಮ ಕೋಟ್ರೇಶಣ್ಣನಿಗೆ ಬುದ್ಧಿ ಬೆಳವಣಿಗೆ ನಿಧಾನ. ಕೂಡ್ಲಿಗಿಯ ತರಬೇತಿ ಕೇಂದ್ರದಲ್ಲಿ ರೊಟ್ಟಿ ಬಡಿಯೋದು ಕಲಿತ. ನಾನು ಆ ರೊಟ್ಟಿಯ ದೊಡ್ಡ ಫ್ಯಾನ್. ಇವತ್ತು ಪ್ರಮಾಣಪತ್ರ ಕೊಡುವ ದಿನ, ಅದಿದ್ದರೆ ಖಾನಾವಳಿಯಲ್ಲಿ ಕೆಲಸ. ಮುಖ್ಯ ಅತಿಥಿ ಅವನ ರೊಟ್ಟಿಯನ್ನೇ ನಾಲ್ಕು ತಿಂದು ವೇದಿಕೆ ಹತ್ತಿದರು. ಪ್ರಮಾಣಪತ್ರವನ್ನು ಅವನ ತಾಯಿಗೆ ಕೊಟ್ಟರು, ಅವನಿಗೆ ಬಲೂನು!

"ಸಾಹೇಬ್ರ, ಇದನ್ನ ನಿಮ್ಮ ಮೊಮ್ಮಗಗ ಕೊಡ್ರಿ. ರೊಟ್ಟಿ ಬಡದಾಂವ ನಾನು, ಕಾಗದ ನನ್ನ ಕೈಯಾಗ ಕೊಡ್ರಿ," ಅಂದ ಅಣ್ಣ.

ಅತಿಥಿ ಬೆಚ್ಚಿ ತಾಯಿಯನ್ನು ಕೇಳಿದರು: "ಯವ್ವಾ, ಇವ ಮಾತಾಡ್ತಾನೇನು?"

"ಕೇಳೋರಿದ್ರ ಮಾತಾಡ್ತಾನ್ರಿ," ಅಂದರು ತಾಯಿ.

ಕಾಗದ ಕೊನೆಗೂ ಅಣ್ಣನ ಕೈಗೆ ಬಂತು. ಸಭೆಯಲ್ಲಿದ್ದ ನನ್ನ ಕೈಗೆ ಅಣ್ಣ ದಾಟಿಸಿದ ಬಲೂನು ಈಗ ನನ್ನ ಹತ್ತಿರ ಇದೆ. ಅದನ್ನು ಯಾರಿಗೆ ಕೊಡಬೇಕು, ಧೈರ್ಯ ಇದ್ದೋರು ಹೇಳ್ತೀರಾ?