ಗಪ್ಪಿಗಳ ಜಾಗದಲ್ಲಿ ಭಾವನ ಸಮುದ್ರ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದು ಕಾಯಿಲೆ. ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ಕೈ ತುರಿಸುತ್ತದೆ. ಸದ್ದು ಕಡಿಮೆ ಮಾಡುತ್ತೇನೆಂದು ಅಕ್ಕನ ಮಿಕ್ಸಿ ಬಿಚ್ಚಿದರು. ಈಗ ಅದು ಸದ್ದೇ ಮಾಡುವುದಿಲ್ಲ. ಮಾಡಲು ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಭಾವನಿಗೆ ಕೆಲಸವೂ ಇತ್ತು, ಆದರೂ ಕೆತ್ತಿದರು.

ಮನೆಮನೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ರಿಪೇರಿ ಮಾಡುವುದು ಅವರ ಕೆಲಸ. ಹೋದಲ್ಲೆಲ್ಲ ಒಂದೇ ಪ್ರವಚನ. ಒಂದು ಲೋಟ ನೀರನ್ನು ಪೂರ್ತಿ ಆವಿಯಾಗುವವರೆಗೆ ಕುದಿಸಿ, ಪಾತ್ರೆಯ ತಳದ ಬಿಳಿ ಕಲೆಯನ್ನು ಉಗುರಿನಿಂದ ಕೆರೆದು ತೋರಿಸುವರು.

"ನೋಡಿ ಅಮ್ಮ, ನೀರು ಹೋಯ್ತು, ಉಪ್ಪು ಎಲ್ಲಿಗೂ ಹೋಗಿಲ್ಲ. ದಿನಾ ನೀವು ಕುಡಿಯೋದು ಇದನ್ನೇ."

ಆಮೇಲೆ ನಲ್ಲಿ ನೀರಿನ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚುವರು. ಆ ಮುಖ ನೋಡಿಯೇ ಅರ್ಧ ಜನ ಫಿಲ್ಟರ್ ಬದಲಾಯಿಸುತ್ತಾರೆ.

ಅವರ ಮಗಳು ಪುಟ್ಟಿಗೆ ನಾನೊಂದು ಚಿಕ್ಕ ಗಾಜಿನ ತೊಟ್ಟಿ ಕೊಡಿಸಿದ್ದೆ. ಓದುವ ಮೇಜಿನ ಮೂಲೆಯಲ್ಲಿ ಹಿಡಿಸುವಷ್ಟು. ಅದರಲ್ಲಿ ಬಣ್ಣದ ಬಾಲದ ಗಪ್ಪಿ ಮೀನುಗಳು. ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ಆ ದಿನದ ದೂರನ್ನೆಲ್ಲ ಅವುಗಳ ಮುಂದೆ ಹೇಳುತ್ತಿದ್ದಳು. ಆ ಮನೆಯಲ್ಲಿ ಅಡ್ಡ ಬಾಯಿ ಹಾಕದೆ ಅವಳ ಮಾತು ಕೇಳುತ್ತಿದ್ದವು ಅವು ಮಾತ್ರ.

ಹೀಗಿರುವಾಗ ಭಾವ ಯಾರೋ ಗಿರಾಕಿಯ ಮನೆಯಲ್ಲಿ ಸಮುದ್ರದ ನೀರಿನ ತೊಟ್ಟಿ ನೋಡಿ ಬಂದರು. ಹವಳವಂತೆ, ನೀಲಿ ಬೆಳಕಂತೆ. ಊಟಕ್ಕೆ ಕೂತಾಗಲೇ ಶುರು.

"ಗಪ್ಪಿ ಚರಂಡೀಲೂ ಬದುಕುತ್ತೆ ಕಣೇ. ನಿನ್ನ ತೊಟ್ಟೀನ ಸಮುದ್ರ ಮಾಡಿಕೊಡ್ತೀನಿ."

"ನಂಗೆ ಸಮುದ್ರ ಬೇಡಪ್ಪ. ಇವೇ ಸಾಕು."

"ಚಿಕ್ಕೋಳು ನೀನು, ನಿಂಗೆ ಗೊತ್ತಾಗಲ್ಲ."

ನಾನು ಸುಮ್ಮನಿರಲಾರದೆ, "ಅಷ್ಟು ಚಿಕ್ಕ ತೊಟ್ಟೀಲಿ ಕಷ್ಟ ಅಂತಾರೆ ಭಾವ" ಎಂದೆ.

"ನೀರಿನ ವಿಷ್ಯ ನಂಗೆ ಹೇಳಿಕೊಡ್ತೀಯೇನೋ?"

ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

'ನಾಲ್ಕು ದಿನದ ಮಟ್ಟಿಗೆ' ಎಂದು ಗಪ್ಪಿಗಳು ಬಚ್ಚಲಿನ ಬಕೆಟ್ ಸೇರಿದವು. ತೊಟ್ಟಿ ಹಾಲ್‌ಗೆ ಬಂತು, ಬಂದವರ ಕಣ್ಣಿಗೆ ಬೀಳಬೇಕಲ್ಲ. ಸಮುದ್ರದ ಉಪ್ಪು, ತೂತುತೂತಿನ ಕಲ್ಲು, ಅಲೆ ಎಬ್ಬಿಸುವ ಪುಟ್ಟ ಪಂಪ್, ಕಣ್ಣು ಕುಕ್ಕುವ ದೀಪ ಎಲ್ಲ ಬಂದವು. ಉಪ್ಪು ಅಳೆಯುವ ಸಾಧನವನ್ನು ಮಾತ್ರ "ನಾಲಿಗೆ ಇದೆಯಲ್ಲ" ಎಂದು ಅಂಗಡಿಯಲ್ಲೇ ಬಿಟ್ಟರು. ನೀರು ಹದಕ್ಕೆ ಬರಲೆಂದು ವಾರಗಟ್ಟಲೆ ಕಾದು, ಕೊನೆಗೆ ಒಂದು ಜೋಡಿ ಕಿತ್ತಳೆ ಬಣ್ಣದ ಮೀನು ಮತ್ತು ಹವಳದ ಕೆಲವು ಚೂರು ಬಿಟ್ಟರು. ಪುಟ್ಟಿ ಗಾಜು ಮುಟ್ಟಿದರೆ ಗದರಿಕೆ. ನೆಂಟರು ಬಂದರೆ ಮಾತ್ರ, "ಮಗಳಿಗೋಸ್ಕರ ಮಾಡಿದ್ದು." ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ದೀಪದ ಬಿಸಿಗೆ ದಿನವೂ ನೀರು ಇಳಿಯುತ್ತಿತ್ತು. ಭಾವ ದಿನವೂ ಉಪ್ಪು ಕಲಸಿದ ನೀರನ್ನೇ ಸುರಿದು ತುಂಬಿಸಿದರು. ಆವಿಯಾಗಿ ಹೋಗುತ್ತಿದ್ದುದು ಬರೀ ನೀರು. ಮೊದಲಿನ ಉಪ್ಪೆಲ್ಲ ಅಲ್ಲೇ ಕೂತಿತ್ತು. ಕಂಡವರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒದರಿದ ಪಾಠ ಸ್ವಂತ ಹಾಲ್‌ನಲ್ಲಿ ನೆನಪಾಗಲಿಲ್ಲ. ಒಂದು ತೊಟ್ಟು ನೆಕ್ಕುವರು, "ಅಪ್ಪಟ ಸಮುದ್ರ" ಎನ್ನುವರು. ಹವಳ ಮುದುಡಿ ಬಿಳಿಚಿಕೊಂಡಿತು. ಒಂದು ಭಾನುವಾರ ಬೆಳಗ್ಗೆ ಮೀನುಗಳೆರಡೂ ಸತ್ತು ತೇಲುತ್ತಿದ್ದವು.

ಅಕ್ಕ ಬಂದು, ಗಾಜಿನ ಅಂಚಿಗೆ ಕಟ್ಟಿದ್ದ ಬಿಳಿ ಪದರವನ್ನು ಉಗುರಿನಿಂದ ಕೆರೆದು ಗಂಡನ ಮೂಗಿನ ಮುಂದೆ ಹಿಡಿದಳು.

"ನೋಡ್ರೀ, ಉಪ್ಪು ಎಲ್ಲಿಗೂ ಹೋಗಿಲ್ಲ."

ಭಾವ ಇಂಗು ತಿಂದ ಮಂಗನಂತಾದರು. ಎಷ್ಟು ವರ್ಷದಿಂದ ಕಾದಿದ್ದೆನೋ ಆ ಮುಖಕ್ಕೆ. ಹೊಟ್ಟೆ ತುಂಬ ನಕ್ಕೆ.

ಮಧ್ಯಾಹ್ನ ಅವರು ತೊಟ್ಟಿ ತೊಳೆದು ಪುಟ್ಟಿಯ ಮೇಜಿನ ಮೇಲೆ ತಂದಿಟ್ಟರು. ಗಪ್ಪಿಗಳನ್ನು ತರಲು ಬಚ್ಚಲಿಗೆ ಹೋದರೆ, ಅವಳು ಬಕೆಟ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಗಪ್ಪಿಗಳು ಮರಿ ಹಾಕಿದ್ದವು. ಬಕೆಟ್ ತುಂಬ ಸಾಸಿವೆ ಕಾಳಿನಂಥ ಕಣ್ಣುಗಳು ಓಡಾಡುತ್ತಿದ್ದವು. ನಮಗ್ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ.

ಭಾವನ ಮುಖ ಅರಳಿತು. "ಇಷ್ಟೊಂದು ಮರಿನಾ! ಮೊದಲೇ ಹೇಳೋದಲ್ವಾ? ತಡಿ, ಇವಕ್ಕೆ ನಾನೊಂದು..."

"ಅಪ್ಪ," ಪುಟ್ಟಿ ತಲೆ ಎತ್ತದೆ ಹೇಳಿದಳು, "ನಂಗೋಸ್ಕರ ಇನ್ನೇನೂ ಮಾಡ್ಬೇಡ."

ಎದ್ದು ಬಂದು, ಹೊಸ್ತಿಲಲ್ಲಿ ನಿಂತಿದ್ದ ನಮ್ಮೆದುರೇ ಬಚ್ಚಲಿನ ಬಾಗಿಲು ಒಳಗಿನಿಂದ ಹಾಕಿಕೊಂಡಳು. ಒಳಗೆ ಪಿಸುಪಿಸು ಮಾತು ಶುರುವಾಯಿತು. ಭಾವ ಬಾಗಿಲಿಗೆ ಕಿವಿಗೊಟ್ಟು ನಿಂತರು. ಒಂದು ಮಾತೂ ಕೇಳಿಸಲಿಲ್ಲ.